ಅಮ್ಮಾನ್‌ನಲ್ಲಿ ಅರಬಿ ಕಲಿಕೆ: ಪಾಠ ಗಟ್ಟಿ, ಮಾತಿಗೆ ನೀವೇ ದಾರಿ ಮಾಡಿಕೊಳ್ಳಬೇಕು

ಅರಬಿಯನ್ನು ಆ ನಾಡಿನಲ್ಲೇ ಇದ್ದು ಕಲಿಯುವವರಿಗೆ ಜೋರ್ಡಾನ್‌ನ ಅಮ್ಮಾನ್ ಒಳ್ಳೆಯ ಆಯ್ಕೆ. ಮೊರಾಕ್ಕೋದ ಆಡುಮಾತಾದ ದಾರಿಜಾ ಪೂರ್ವದ ಅರಬರಿಗೆ ಸುಲಭಕ್ಕೆ ತಿಳಿಯದು. ಇಲ್ಲಿನ ಶಾಮಿ ಆಡುಮಾತಾದರೆ ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್‌ಗಳಲ್ಲೂ ನಡೆಯುತ್ತದೆ. ಜೋರ್ಡಾನ್ ವಿಶ್ವವಿದ್ಯಾಲಯದ ಭಾಷಾ ಕೇಂದ್ರವಿದೆ, ಕಾಸಿದ್‌ನಂಥ ಖಾಸಗಿ ಸಂಸ್ಥೆಗಳಿವೆ. ವಾರ ಭಾನುವಾರ ಶುರು. ಶುಕ್ರವಾರ, ಶನಿವಾರ ರಜೆ.

ಈ ತರಗತಿಗಳ ಬಲ ಫುಸ್‌ಹಾ, ಅಂದರೆ ಗ್ರಾಂಥಿಕ ಅರಬಿ. ವ್ಯಾಕರಣ, ಓದು, ಧಾತು ಹಿಡಿದು ನಿಘಂಟು ತೆರೆಯುವ ಅಭ್ಯಾಸ ಎಲ್ಲವೂ ಭದ್ರವಾಗಿ ಕೂರುತ್ತವೆ. ಕೊರತೆ ಕಾಣುವುದು ಟ್ಯಾಕ್ಸಿ ಹತ್ತಿದಾಗ. ಪಾಠದ ‘ಮಾದಾ ತುರೀದ್’ (ಏನು ಬೇಕು) ಬೀದಿಯಲ್ಲಿ ‘ಶೂ ಬಿದ್ದಕ್’. ‘ಕಾಲ’ (ಹೇಳಿದ) ಒಬ್ಬರ ಬಾಯಲ್ಲಿ ‘ಗಾಲ್’, ಇನ್ನೊಬ್ಬರ ಬಾಯಲ್ಲಿ ‘ಆಲ್’. ಫುಸ್‌ಹಾ ಮುಗಿಸಿ ಆಮೇಲೆ ಆಡುಮಾತು ಎನ್ನುವ ಸಲಹೆಯನ್ನು ಒಪ್ಪಲಾಗದು. ಆಮ್ಮಿಯಾ, ಅಂದರೆ ಆಡುಮಾತಿನ ಪಾಠವನ್ನು ಮೊದಲ ವಾರದಿಂದಲೇ ಜೊತೆಗಿಟ್ಟುಕೊಳ್ಳಿ, ವಾರಕ್ಕೆ ಎರಡು ಮೂರು ಗಂಟೆಯಾದರೂ ಸರಿ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಹ್ರಸ್ವ-ದೀರ್ಘ, ಒತ್ತಕ್ಷರ ನಮಗೆ ಹೊಸತಲ್ಲ. ‘ದರಸ’ (ಕಲಿತ), ‘ದರ್ರಸ’ (ಕಲಿಸಿದ) ಎಂಬ ಭೇದ ಕಿವಿಗೆ ಕೂಡಲೇ ಸಿಗುತ್ತದೆ. ಎಡವುವುದು ಭಾರದ ‘ತ’ದಲ್ಲಿ. ಅದನ್ನು ನಮ್ಮ ‘ಟ’ ಎಂದುಕೊಂಡು ನಾಲಿಗೆ ಮಡಚುತ್ತಾರೆ. ನಾಲಿಗೆಯ ತುದಿ ಹಲ್ಲಿನ ಬಳಿಯೇ ಇರಬೇಕು, ಹಿಂಭಾಗ ಮಾತ್ರ ಗಂಟಲಿನತ್ತ ಸರಿಯಬೇಕು. ಎರಡು ಬಗೆಯ ‘ಹ’ ಮತ್ತು ಗಂಟಲಿನಿಂದ ಹೊರಡುವ ‘ಐನ್’ ಅಕ್ಷರಕ್ಕೆ ಶಿಕ್ಷಕರ ಮುಂದೆ ಕೂತು ತಿದ್ದಿಸಿಕೊಳ್ಳುವುದೇ ದಾರಿ.

ಹಣ ವ್ಯರ್ಥವಾಗುವುದು ಹೆಚ್ಚಾಗಿ ವಸತಿಯಿಂದ. ಅಬ್ದೂನ್, ಸ್ವೇಫಿಯೆಯಂಥ ಸಿರಿವಂತ ಬಡಾವಣೆಗಳ ಕೆಫೆಗಳಲ್ಲಿ ನಿಮ್ಮ ಅರಬಿಗೆ ಇಂಗ್ಲಿಷ್‌ನಲ್ಲೇ ಉತ್ತರ ಬರುತ್ತದೆ. ಸಹಪಾಠಿ ವಿದೇಶಿಯರ ಜೊತೆ ಮನೆ ಹಂಚಿಕೊಂಡರೆ ಸಂಜೆಯೂ ಇಂಗ್ಲಿಷೇ. ಸ್ಥಳೀಯ ಕುಟುಂಬದ ಕೋಣೆ ಸಿಕ್ಕರೆ ಬಿಡಬೇಡಿ. ದಿನಸಿಯನ್ನು ಮಾಲ್ ಬಿಟ್ಟು ಊರ ನಡುವಿನ ಹಳೆಯ ಭಾಗವಾದ ವಸ್ತ್ ಅಲ್-ಬಲದ್‌ನ ಪೇಟೆಯಲ್ಲಿ ಕೊಳ್ಳಿ. ಬೆಲೆ ಕೇಳುತ್ತ, ಚೌಕಾಸಿ ಮಾಡುತ್ತ ಸಂಖ್ಯೆಗಳು ನಾಲಿಗೆಗೆ ಹತ್ತುತ್ತವೆ.

ನಿರೀಕ್ಷೆಯೂ ಹದದಲ್ಲಿರಲಿ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ಇಂಗ್ಲಿಷ್ ಭಾಷಿಕರಿಗೆ ಅರಬಿ ಕೈವಶವಾಗಲು ಸುಮಾರು 2,200 ತರಗತಿ ಗಂಟೆ ಬೇಕೆನ್ನುತ್ತದೆ. ದಿನಕ್ಕೆ 4 ಗಂಟೆಯಂತೆ ವಾರಕ್ಕೆ 5 ದಿನ ಕಲಿತರೂ 12 ವಾರಕ್ಕೆ 240 ಗಂಟೆ. ಆದ್ದರಿಂದ ಅಕ್ಷರ, ಸರಳ ಓದು ಊರಲ್ಲೇ ಮುಗಿಸಿ ಹೋಗಿ. ಅಲ್ಲಿನ ದುಬಾರಿ ವಾರಗಳನ್ನು ಅಲಿಫ್-ಬಾ ತಿದ್ದಲು ಖರ್ಚು ಮಾಡುವುದು ನಷ್ಟ. ರಂಜಾನ್ ತಿಂಗಳು ನಡುವೆ ಬಂದರೆ ತರಗತಿಯ ವೇಳೆ ಬದಲಾಗುತ್ತದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಿಕೊಳ್ಳಿ.