ಪೆಟ್ಟಿಗೆಯಿಂದ ಬಂದ ಬೀಗಲ್, ನಕ್ಷೆಯಿಂದ ಎದ್ದ ಟ್ರಿಂಕೊಮಲಿ

ನಮ್ಮ ಮನೆಯ ಶೋಕೇಸ್ ಮೇಲೆ ಎರಡು ಮರದ ಹಡಗುಗಳಿವೆ. ಎಡಗಡೆ ಬೀಗಲ್, ಒಡಲಿನ ಉದ್ದ 46 ಸೆಂ.ಮೀ. ಬಲಗಡೆ ಟ್ರಿಂಕೊಮಲಿ, 48 ಸೆಂ.ಮೀ. ನೋಡಿದವರು ಅಣ್ಣ ತಮ್ಮ ಅಂದುಕೊಳ್ಳುತ್ತಾರೆ. ನಿಜವಾದ ಬೀಗಲ್ 27 ಮೀಟರ್ ಚಿಲ್ಲರೆ, ಟ್ರಿಂಕೊಮಲಿ ಹೆಚ್ಚುಕಡಿಮೆ 46 ಮೀಟರ್. ಒಂದನ್ನು 1:60ಕ್ಕೆ ಇಳಿಸಿದ್ದೇನೆ, ಇನ್ನೊಂದನ್ನು 1:96ಕ್ಕೆ. ಅದಕ್ಕೇ ಹೀಗೆ ಜೋಡಿಯಾಗಿ ಕೂತಿವೆ.

ಬೀಗಲ್ ಕಿಟ್‌ನಿಂದ, ಅಂದರೆ ಭಾಗಗಳೆಲ್ಲ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಸೆಟ್‌ನಿಂದ ಮಾಡಿದ್ದು. ಟ್ರಿಂಕೊಮಲಿಗೆ ನಕ್ಷೆ ತರಿಸಿ, ಮರ ಸೀಳಿ, ಮೊದಲಿಂದ ಕೊನೆವರೆಗೆ ನಾನೇ ಕಟ್ಟಿದ್ದು. ಕೊನೆವರೆಗೆ ಅನ್ನುವುದು ಸ್ವಲ್ಪ ಸುಳ್ಳು. ಹಾಯಿ ಕಟ್ಟುವ ಕೂವೆಮರಗಳು ಇನ್ನೂ ನಿಂತಿಲ್ಲ. "ಯಾವುದರಿಂದ ಶುರು ಮಾಡೋದು, ಕಿಟ್ ತಗೊಳ್ಳಲಾ, ನಾನೇ ಮಾಡಲಾ?" ಅಂತ ಕೇಳುವವರಿಗೆ ಎರಡರ ಅನುಭವವನ್ನೂ ಹೇಳಿಬಿಡುತ್ತೇನೆ.

ಬೀಗಲ್ ಆರಿಸಿದ್ದು ಡಾರ್ವಿನ್ ಮೇಲಿನ ಪ್ರೀತಿಯಿಂದ. 1831ರಿಂದ 1836ರವರೆಗೆ ಆತ ಸುತ್ತಿದ್ದು ಇದರಲ್ಲೇ. 1820ರಲ್ಲಿ ನೀರಿಗಿಳಿದಾಗ ಇದಕ್ಕೆ ಎರಡೇ ಕೂವೆ, ಮೂರನೆಯದು ಆಮೇಲೆ ಸೇರಿದ್ದು. ಟ್ರಿಂಕೊಮಲಿ ನಮ್ಮ ಕರಾವಳಿಯ ಹಡಗು. ಬ್ರಿಟಿಷ್ ನೌಕಾಪಡೆಗಾಗಿ ಮುಂಬಯಿಯಲ್ಲಿ ವಾಡಿಯಾ ಮನೆತನದ ಜಮ್‌ಸೆಟ್‌ಜಿ ಬೊಮನ್‌ಜಿ ಮಲಬಾರ್ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ್ದು. ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಾ ಇದೆ. ಇದರ ಮೊದಲ ನಕ್ಷೆಗಳು ಮುಂಬಯಿ ಮುಟ್ಟಲೇ ಇಲ್ಲ. ತರುತ್ತಿದ್ದ 'ಜಾವಾ' ಎಂಬ ಹಡಗು 1812ರಲ್ಲಿ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ಜೊತೆ ಕಾದಾಡಿ ಸೋತು ನಾಶವಾಯಿತು, ನಕ್ಷೆಗಳೂ ಹೋದವು. ಮತ್ತೊಂದು ಜೊತೆ ಕಳಿಸಬೇಕಾಯಿತು.

ನಕ್ಷೆಯ ಗಂಡಾಂತರ ನನ್ನನ್ನೂ ಬಿಡಲಿಲ್ಲ.

ಕಿಟ್‌ನಲ್ಲಿ ಬೆನ್ನೆಲುಬು, ಅಡ್ಡ ಪಕ್ಕೆಗಳು ಎಲ್ಲ ಪ್ಲೈವುಡ್‌ನಲ್ಲಿ ಲೇಸರ್‌ನಿಂದ ಕತ್ತರಿಸಿಯೇ ಬರುತ್ತವೆ. ಬಿಸ್ಕತ್ತು ಮುರಿದ ಹಾಗೆ ಹಾಳೆಯಿಂದ ಬಿಡಿಸಿ, ಕಚ್ಚಿಗೆ ಕಚ್ಚು ಕೂಡಿಸಿದರಾಯಿತು. ಸಂಜೆ ಚಹಾ ಕುಡಿದು ಕೂತವನು ಊಟದ ಹೊತ್ತಿಗೆ ಬೀಗಲ್‌ನ ಅಸ್ಥಿಪಂಜರ ನಿಲ್ಲಿಸಿದ್ದೆ. ಟ್ರಿಂಕೊಮಲಿ ಅಷ್ಟೇ ಹಂತಕ್ಕೆ ಬರಲು ನಾಲ್ಕು ತಿಂಗಳು ಹಿಡಿಯಿತು.

ಹಳೆಯ ಬ್ರಿಟಿಷ್ ಯುದ್ಧನೌಕೆಗಳ ನಕ್ಷೆಗಳು ಹೆಚ್ಚಾಗಿ 1:48ರಲ್ಲಿರುತ್ತವೆ, ಒಂದು ಅಡಿಗೆ ಕಾಲು ಇಂಚು. ಅರ್ಧಕ್ಕೆ ಇಳಿಸಿದರೆ 1:96. ಎಷ್ಟು ಸುಲಭ ಅಲ್ವಾ? ಜೆರಾಕ್ಸ್ ಅಂಗಡಿಯಲ್ಲಿ 50 ಪರ್ಸೆಂಟ್ ಅಂತ ಹೇಳಿ ಮಾಡಿಸಿಕೊಂಡು ಬಂದೆ. ಕಾಗದವನ್ನು ಪ್ಲೈವುಡ್‌ಗೆ ಅಂಟಿಸಿ, ಫ್ರೆಟ್ ಗರಗಸದಲ್ಲಿ ಒಂಬತ್ತು ಪಕ್ಕೆ ಕತ್ತರಿಸಿದೆ. ಕೂಡಿಸಿ ನೋಡಿದರೆ ನಡುವಿನ ಪಕ್ಕೆ ಡೆಕ್ಕಿನ ಅಗಲಕ್ಕಿಂತ ಎರಡೂವರೆ ಮಿ.ಮೀ. ಜಾಸ್ತಿ ಅಗಲ. ವಾರವಿಡೀ ನನ್ನ ಕೈಯನ್ನೇ ಬೈದುಕೊಂಡೆ. ಆಮೇಲೆ ನಕ್ಷೆಯಲ್ಲಿದ್ದ ಅಳತೆಪಟ್ಟಿಗಳ ಮೇಲೆ ಸ್ಕೇಲ್ ಇಟ್ಟೆ. ಉದ್ದಕ್ಕೆ ಸರಿ ಇದೆ, ಅಡ್ಡಕ್ಕೆ 5 ಸೆಂ.ಮೀ. ಇರಬೇಕಾದ್ದು 5.1 ಇದೆ! ಮೆಷಿನ್ ಎರಡು ದಿಕ್ಕಿಗೂ ಒಂದೇ ಸಮ ಇಳಿಸಿರಲಿಲ್ಲ. ಒಂಬತ್ತೂ ಪಕ್ಕೆ ಒಲೆಗೆ ಹೋದವು. ಈಗ ಮೂಲದ ಮೇಲೆ 10 ಸೆಂ.ಮೀ.ನ ಕೂಡುವ ಚಿಹ್ನೆ ಬರೆದುಕೊಂಡೇ ಜೆರಾಕ್ಸ್‌ಗೆ ಹೋಗುತ್ತೇನೆ. ಎರಡು ಗೆರೆಯೂ ಸರಿಯಾಗಿ 5 ಬಂದರೆ ಮಾತ್ರ ದುಡ್ಡು ಕೊಡುವುದು.

ಇಲ್ಲಿಯವರೆಗೆ ಕಿಟ್ ಗೆದ್ದಿತು ಅನ್ನಿ. ಹಲಗೆ ಹೊದಿಸುವಲ್ಲಿ ಆಟ ತಿರುಗಿತು.

ಒಡಲಿಗೆ ಅಂಟಿಸುವ ಪಟ್ಟಿಗಳು 5 ಮಿ.ಮೀ. ಅಗಲ. ಹಡಗಿನ ನಡುವೆ ಹೊಟ್ಟೆ ದೊಡ್ಡದು, ಮೂತಿಯ ಹತ್ತಿರ ಸಣ್ಣದು. ಒಂದೇ ಅಗಲದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತಾ ಹೋದರೆ ಮೂತಿಯಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಹತ್ತುತ್ತವೆ. ಕಿಟ್‌ನ ಪುಸ್ತಕದಲ್ಲಿ ಇದಕ್ಕೆ ಇದ್ದದ್ದು ಎರಡು ಫೋಟೋ, ಒಂದು ಬಾಣದ ಗುರುತು. ಎಡಬದಿಯಲ್ಲಿ ಹನ್ನೊಂದು ಪಟ್ಟಿ ಹಾಕುವಷ್ಟರಲ್ಲಿ ಮೂತಿ ಮುದುಡಿದ ಚಾಪೆಯ ಹಾಗಾಯಿತು. ಸಂದುಗಳಿಗೆ ಮರದ ಪುಡಿ, ಗೋಂದು ಕಲಸಿ ತುಂಬಿ, ಉಜ್ಜಿ ಉಜ್ಜಿ ನುಣುಪು ಮಾಡಿದೆ. ಕಿಟ್‌ನಲ್ಲಿ ಎರಡು ಪದರ ಇರುತ್ತದೆ. ಒಳಗಿನ ಪದರ ಎಷ್ಟೇ ಕೆಟ್ಟಿರಲಿ, ಅದರ ಮೇಲೆ ಅರ್ಧ ಮಿ.ಮೀ. ದಪ್ಪದ ವಾಲ್‌ನಟ್ ಪಟ್ಟಿ ಬಂದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ಪಾಠ ಕಲಿಯದೆಯೇ ಪಾಸಾದೆ.

ಟ್ರಿಂಕೊಮಲಿಗೆ ಒಂದೇ ಪದರ. ಮುಚ್ಚಿಡಲು ಏನೂ ಇಲ್ಲ. ಆವಾಗ ಕುಳಿತು ಲೆಕ್ಕ ಹಾಕಬೇಕಾಯಿತು. ತೆಳು ಕಾಗದದ ಪಟ್ಟಿಯನ್ನು ನಡುವಿನ ಪಕ್ಕೆಯ ಮೇಲೆ ಸುತ್ತಿ ಅಳೆದೆ, 90 ಮಿ.ಮೀ. ಅಂದರೆ 18 ಪಟ್ಟಿ. ಮೂತಿಯ ಹತ್ತಿರದ ಪಕ್ಕೆಯಲ್ಲಿ 60 ಮಿ.ಮೀ. ಅದೇ 18 ಪಟ್ಟಿ ಅಲ್ಲೂ ಕೂರಬೇಕು. ಹಾಗಾದರೆ ಪ್ರತಿ ಪಟ್ಟಿಯೂ ಆ ಜಾಗದಲ್ಲಿ 3.3 ಮಿ.ಮೀ.ಗೆ ಕಿರಿದಾಗಬೇಕು. ಮಧ್ಯದಿಂದ ಮೂತಿಯವರೆಗೆ ಬ್ಲೇಡಿನಿಂದ ಓರೆಯಾಗಿ ಸವರಿ, ಅಂಚು ಉಜ್ಜಿ, ಬಿಸಿ ನೀರಲ್ಲಿ ನೆನೆಸಿ, ಬಟ್ಟೆಯ ಇಸ್ತ್ರಿಪೆಟ್ಟಿಗೆಯ ಮೂತಿಗೆ ಒತ್ತಿ ಬಗ್ಗಿಸಿದೆ. ಮರ ಬಗ್ಗುವುದು ಬಿಸಿಗೆ, ನೀರು ಬರೀ ಬಿಸಿಯನ್ನು ಒಳಗೆ ಒಯ್ಯುತ್ತದೆ. ತಣ್ಣೀರಲ್ಲಿ ರಾತ್ರಿಯಿಡೀ ನೆನೆಹಾಕುವುದರಲ್ಲಿ ಅರ್ಥವಿಲ್ಲ. ದಿನಕ್ಕೆ ಎರಡೇ ಪಟ್ಟಿ, ಎಡಕ್ಕೊಂದು ಬಲಕ್ಕೊಂದು. ಮೊದಲ ಬಾರಿ ಪಟ್ಟಿಯ ತುದಿ ಯಾವ ಒತ್ತಾಯವೂ ಇಲ್ಲದೆ ತನ್ನಷ್ಟಕ್ಕೆ ಮೂತಿಗೆ ಹೋಗಿ ಕೂತಾಗ, ಸುಮ್ನೆ ಬೆರಳಿಟ್ಟುಕೊಂಡು ಹತ್ತು ನಿಮಿಷ ಕೂತಿದ್ದೆ.

ಮರದ ವಿಷಯದಲ್ಲಿ ನಾನು ಹಠಮಾರಿತನದಿಂದ ಕೆಟ್ಟೆ. ತೇಗದ ಹಡಗಿಗೆ ತೇಗವೇ ಬೇಕು ಅಂತ ಸಾ ಮಿಲ್ಲಿನಿಂದ ತುಂಡು ತಂದು ಸೀಳಿಸಿದೆ. ತೇಗದ ಎಣ್ಣೆಯಂಶಕ್ಕೆ ಗೋಂದು ಸರಿಯಾಗಿ ಹಿಡಿಯುವುದಿಲ್ಲ, ಪ್ರತಿ ಪಟ್ಟಿಯನ್ನೂ ಥಿನ್ನರ್‌ನಲ್ಲಿ ಒರೆಸಬೇಕು. ಅದೂ ಇರಲಿ. ತೇಗದ ನಾರು ಒರಟು. 1:96ರಲ್ಲಿ ಆ ಗೆರೆಗಳು ನಿಜವಾದ ಹಡಗಿನಲ್ಲಾದರೆ ಕೈಯಗಲದ ಬಿರುಕುಗಳ ಹಾಗೆ ಕಾಣುತ್ತವೆ. ನಿಜವಾದ ತೇಗ ತೇಗದ ಹಾಗೇ ಕಾಣಲಿಲ್ಲ! ಆರು ಪಟ್ಟಿ ಕಿತ್ತು ಹಾಕಿದೆ. ಕೊನೆಗೆ ಕೈಹಿಡಿದದ್ದು ಹಾಲೆಮರ, ಚನ್ನಪಟ್ಟಣದ ಗೊಂಬೆ ಮಾಡುವ ಮರ. ಬಿಳಿ, ನುಣುಪು, ನಾರು ಕಣ್ಣಿಗೆ ಕಾಣುವುದೇ ಇಲ್ಲ. ಗೊಂಬೆ ಮಾಡುವವರೊಬ್ಬರ ಹತ್ತಿರ ಚೂರುಪಾರು ತಂದೆ. ಹಗ್ಗ ಹಾಯುವ 3 ಮಿ.ಮೀ. ರಾಟೆಗಳನ್ನೂ ಇದರಲ್ಲೇ ಕೊರೆದೆ, ಒಂದೂ ಸೀಳಲಿಲ್ಲ. ಕಿಟ್‌ನಲ್ಲಿ ಬಂದ ರಾಟೆಗಳಲ್ಲಿ ಕಾಲುಭಾಗಕ್ಕೆ ತೂತು ಸೊಟ್ಟ. ಹಲಗೆಗೆ ಹೊಡೆಯುವ ಮರದ ಮೊಳೆಗೆ ಮಸಾಲೆ ಹಚ್ಚದ ಅಗರಬತ್ತಿ ಕಡ್ಡಿಗಿಂತ ಒಳ್ಳೆಯದು ಸಿಗಲಿಲ್ಲ. ಬಿದಿರು ನೋಡಿ, ಸಣ್ಣ ತೂತಿನ ಮೂಲಕ ಎಳೆದು ಎಳೆದು ಎಷ್ಟು ಸಣ್ಣ ಮಾಡಿದರೂ ತಡೆಯುತ್ತದೆ.

ಇನ್ನು ಮಂಗಳೂರಿನ ಮಳೆಗಾಲ. ಬೀಗಲ್‌ನ ಪಟ್ಟಿಗಳನ್ನು ಜುಲೈನಲ್ಲಿ, ಬೇಗ ಆಗಲಿ ಅಂತ, ಕ್ಷಣದಲ್ಲಿ ಹಿಡಿಯುವ ಗಮ್‌ನಲ್ಲಿ ಅಂಟಿಸಿದೆ. ಆ ಗಮ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ನಮ್ಮ ಜುಲೈನಲ್ಲಿ ಪಟ್ಟಿ ಜರುಗಿಸಲೂ ಸಮಯ ಕೊಡುವುದಿಲ್ಲ. ಜೊತೆಗೆ ಸುತ್ತ ಬಿಳಿ ಬೂದಿ ಕೂತು, ಪಾಲಿಶ್ ಆ ಕಲೆಗಳ ಮೇಲೆ ಹತ್ತಲಿಲ್ಲ. ಜನವರಿಯಲ್ಲಿ ಮರ ಒಣಗಿ ಕುಗ್ಗಿದಾಗ ನಾಲ್ಕು ಕಡೆ ಕೂದಲೆಳೆಯಷ್ಟು ಬಿರುಕು. ಟ್ರಿಂಕೊಮಲಿಗೆ ಫೆವಿಕಾಲ್ ಮಾತ್ರ, ಬಟ್ಟೆ ಕ್ಲಿಪ್ಪು ಹಾಕಿ ರಾತ್ರಿಯಿಡೀ ಬಿಟ್ಟದ್ದು, ಕೆಲಸ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಬಿರುಕು ಇಲ್ಲ.

ದುಡ್ಡಿನ ಲೆಕ್ಕ ಹೇಳಲು ನಾಚಿಕೆ. ಕಿಟ್‌ಗೆ ಕಸ್ಟಮ್ಸ್ ಸೇರಿ 24,000 ರೂಪಾಯಿ. ಟ್ರಿಂಕೊಮಲಿಯ ಮರಕ್ಕೆ 1,800. ಹೆಂಡತಿಗೆ ಹೇಳಿದ್ದು ಇಷ್ಟೇ. ಸಣ್ಣ ಟೇಬಲ್ ಗರಗಸ, ಡ್ರಿಲ್ಲು, ಅರಗಳು, ಉಳಿಗಳು ಎಲ್ಲ ಕೂಡಿಸಿದರೆ ಅದೂ 23,000 ದಾಟಿದೆ. ಸಮಯ: ಬೀಗಲ್‌ಗೆ ಹನ್ನೊಂದು ತಿಂಗಳ ಭಾನುವಾರಗಳು. ಟ್ರಿಂಕೊಮಲಿಗೆ ಮೂರು ವರ್ಷ ಆಯಿತು, ಆಗುತ್ತಲೇ ಇದೆ.

ಹೊಸಬರಿಗೆ ನನ್ನ ಸಲಹೆ ಕಿಟ್‌ನಿಂದಲೇ ಶುರು ಮಾಡಿ ಅಂತ. ಆದರೆ ಮೊದಲ ಪದರವನ್ನೇ ಕೊನೆಯ ಪದರ ಅಂದುಕೊಂಡು, ಕಾಗದದ ಪಟ್ಟಿಯಲ್ಲಿ ಅಳೆದು ಹೊದಿಸಿ. ಪುಸ್ತಕದ ಬಾಣವನ್ನು ನಂಬಬೇಡಿ. ಕಿಟ್‌ನ ದಾರವನ್ನೂ ಎಸೆದು ಬೇರೆ ತನ್ನಿ, ಜುಂಗು ಜುಂಗಾಗಿರುತ್ತದೆ.

ಕಳೆದ ತಿಂಗಳು ಕಿಟಕಿ ರಿಪೇರಿಗೆ ಆಚಾರಿಯವರು ಬಂದಿದ್ದರು. ಚಿಕ್ಕವರಿದ್ದಾಗ ಬಂದರಿನಲ್ಲಿ ಮಂಜಿ ಎಂಬ ಮರದ ಹಡಗು ಕಟ್ಟುವಲ್ಲಿ ಅಪ್ಪನ ಜೊತೆ ಕೆಲಸ ಮಾಡಿದವರು. ಕೈ ತೊಳೆದು ಬಂದು, ಎರಡೂ ಹಡಗಿನ ಹೊಟ್ಟೆಯ ಮೇಲೆ ಕಣ್ಣುಮುಚ್ಚಿ ಬೆರಳಾಡಿಸಿದರು. ಬೀಗಲ್‌ಗೆ, "ಇದು ಸಮ ಉಂಟು." ಟ್ರಿಂಕೊಮಲಿಯ ಮೇಲೆ ಬೆರಳು ಎರಡು ಸಲ ಹಿಂದೆ ಮುಂದೆ ಹೋಯಿತು.

"ಇದು ನೀವೇ ಮಾಡಿದ್ದಲ್ವಾ? ಎಡಗಡೆ ಹೊಟ್ಟೆ ಸ್ವಲ್ಪ ಜಾಸ್ತಿ ಆಗಿದೆ ಮಾರಾಯ್ರೆ."

ಮೂರು ವರ್ಷದಲ್ಲಿ ನನಗೆ ಕಂಡಿರಲಿಲ್ಲ. ಈಗ ಎಡಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.