ಆರ್ಗಾನಿಕ್ ವರ್ಕ್ ಪ್ಯಾಂಟ್, ಎರಡು ಮಳೆಗಾಲ ಕಳೆದ ಮೇಲೆ: ಬಟ್ಟೆಗೆ ಫುಲ್ ಮಾರ್ಕ್, ಜಿಪ್ಪಿನ ರನ್ನರಿಗೆ ಸೊನ್ನೆ

ಅಳತೆ, ಜಿಎಸ್‌ಎಂ (ಬಟ್ಟೆಯ ತೂಕದ ಲೆಕ್ಕ), ಎಷ್ಟು ಕಿಸೆ ಅಂತ ಎಲ್ಲ ಕಂಪೆನಿಯ ಪೇಜಲ್ಲೇ ಉಂಟು, ನಾನು ಪುನಃ ಬರೆಯುದಿಲ್ಲ. ಕಂಪೆನಿ ಹೆಸರು ಹಾಕಿ ಜಗಳಕ್ಕೆ ಕೂರ್ಲಿಕ್ಕೂ ನಂಗೆ ಪುರುಸೊತ್ತಿಲ್ಲ, ಹಾಗಾಗಿ ಅದೂ ಇಲ್ಲ.

ನಮ್ದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ರ ಅಡಕೆ ತೋಟ. ಎರಡೂವರೆ ಸಾವಿರ ಕೊಟ್ಟು ತೋಟಕ್ಕೆ ಹಾಕುವ ಪ್ಯಾಂಟ್ ತೆಗೊಳ್ಳುದಾ ಅಂತ ಮನೆಯಲ್ಲಿ ಕೇಳಿದ್ರು, ನ್ಯಾಯವೇ, ಬದಿಯಡ್ಕ ಪೇಟೆಯಲ್ಲಿ ನಾನೂರಕ್ಕೆ ಸಿಗ್ತದೆ. ಆದ್ರೆ ನಮ್ಮ ಕಡೆಯವರಿಗೆ ಆರ್ಗಾನಿಕ್ ಅಂದ್ರೆ ಶೋಕಿ ಅಲ್ಲ ಮಾರ್ರೆ. ಎಣ್ಮಕಜೆಯ ಗೇರು ಗುಡ್ಡೆಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು, ಪಡ್ರೆ ಕಡೆ ಮನೆಮನೆಗಳಲ್ಲಿ ಎಂತೆಲ್ಲ ಆಯ್ತು ಅಂತ ನೋಡಿಯೇ ಬೆಳೆದವರು ನಾವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. ಅಲ್ಲಿವರೆಗೆ ಅದೇ ಎಂಡೋಸಲ್ಫಾನನ್ನು ಹತ್ತಿ ಗದ್ದೆಗಳಿಗೂ ಧಾರಾಳ ಹೊಡೀತಿದ್ರು, ಇದು ನಮ್ಮಲ್ಲಿ ಸುಮಾರು ಜನಕ್ಕೆ ಗೊತ್ತಿಲ್ಲ. ಹಾಗಾಗಿ ಹತ್ತಿ ಹೇಗೆ ಬೆಳೆದದ್ದು ಅಂತ ಒಂದು ಕಂಪೆನಿ ಹೇಳ್ತದೆ ಅಂದ್ರೆ ನಾನು ಕಿವಿ ಕೊಡ್ತೇನೆ.

ಲೇಬಲ್ ಓದಿ ತೆಗೊಳ್ಳಿ ಅಷ್ಟೆ. ಜಿಒಟಿಎಸ್ ಅಂದ್ರೆ ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಸರ್ಟಿಫಿಕೇಟ್, ಅದ್ರಲ್ಲಿ ಎರಡು ದರ್ಜೆ ಉಂಟು. ಬರೀ 'ಆರ್ಗಾನಿಕ್' ಅಂತ ಇದ್ರೆ ಕನಿಷ್ಠ 95 ಪರ್ಸೆಂಟ್ ಸಾವಯವ ನೂಲು, 'ಮೇಡ್ ವಿತ್ ಆರ್ಗಾನಿಕ್' ಅಂತ ಇದ್ರೆ 70 ಇದ್ರೂ ಸಾಕು. ನನ್ನ ಪ್ಯಾಂಟ್ ಎರಡನೇದ್ದು, ಉಳಿದದ್ದು ರೀಸೈಕಲ್ ಮಾಡಿದ ಪಾಲಿಯೆಸ್ಟರ್. ಜಾಹೀರಾತಲ್ಲಿ ಮಾತ್ರ ಆರ್ಗಾನಿಕ್ ಅನ್ನುದು ಒಂದು ಮಾರು ಉದ್ದದ ಅಕ್ಷರದಲ್ಲಿ ಉಂಟು. ಲೇಬಲಲ್ಲಿ ಲೈಸೆನ್ಸ್ ನಂಬರ್ ಇರ್ತದೆ, ಜಿಒಟಿಎಸ್ ಸೈಟಲ್ಲಿ ಹಾಕಿ ನೋಡ್ಬಹುದು, ನಾನು ನೋಡಿದೆ, ಸರಿ ಉಂಟು. ಬಣ್ಣ ಹಾಕಿದ ನೀರನ್ನು ಶುದ್ಧ ಮಾಡದೆ ಹೊರಗೆ ಬಿಡ್ಬಾರ್ದು, ಮಕ್ಕಳನ್ನು ಕೆಲಸಕ್ಕೆ ಇಡ್ಬಾರ್ದು ಅಂತೆಲ್ಲ ಅದರ ರೂಲ್ಸಲ್ಲೇ ಬರ್ತದೆ. ನೀರಿನ ವಿಷಯ ಸಣ್ಣದಲ್ಲ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿಗೆ ಬಣ್ಣದ ನೀರು ಬಿಟ್ಟು ಬಿಟ್ಟು, ಕಡೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಯುನಿಟ್‌ಗಳನ್ನೇ ಮುಚ್ಚಿಸ್ಬೇಕಾಯ್ತು.

ಇನ್ನು ಬಳಕೆ. ನಮ್ಮಲ್ಲಿ ಈಗ ಮರ ಹತ್ತುವವರು ಸಿಗುದು ಕಷ್ಟ, ಕಾರ್ಬನ್ ಫೈಬರ್ ದೋಟಿ ಹಿಡ್ಕೊಂಡು ಕೆಳಗಿನಿಂದಲೇ ಮಹಾಳಿಗೆ, ಅಂದ್ರೆ ಅಡಕೆಯ ಕೊಳೆರೋಗಕ್ಕೆ, ಮದ್ದು ಬಿಡುದು. ಮದ್ದು ಅಂದ್ರೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಮದ್ದು ಗೊನೆಗೆ ಹೋಗುವಷ್ಟೇ ನಮ್ಮ ತಲೆ ಮೇಲೂ ಬೀಳ್ತದೆ, ಸಂಜೆ ಆಗುವಾಗ ಪ್ಯಾಂಟ್ ನೀಲಿ ನೀಲಿ. ಕಲೆ ಹೋಗಿಸ್ಲಿಕ್ಕೆ ಅಮ್ಮನ ಉಪಾಯ ಉಂಟು: ಬಿಂಬುಳಿ ಅಂತ ಹುಳಿ ಕಾಯಿ ಉಂಟಲ್ಲ, ಅದನ್ನು ಜಜ್ಜಿ ಉಜ್ಜಿ ಸ್ವಲ್ಪ ಹೊತ್ತು ಬಿಡುದು, ಆಮೇಲೆ ಬರೀ ನೀರು. ಸುಣ್ಣದ ಬಿಳಿ, ತುತ್ತಿನ ನೀಲಿ ಎರಡೂ ಹುಳಿಗೆ ಬಿಡ್ತದೆ. ಆಮೇಲೆ ಬಚ್ಚಲೊಲೆ ಮೇಲಿನ ಬಳ್ಳಿಗೆ ಹಾಕಿದ್ರೆ ಆಟಿ ತಿಂಗಳ ಮಳೆಯಲ್ಲೂ ಬೆಳಿಗ್ಗೆಗೆ ಒಣಗಿರ್ತದೆ. ಈ ದಪ್ಪದ ಬಟ್ಟೆ ಒಣಗ್ಲಿಕ್ಕಿಲ್ಲ, ಮುಗ್ಗುಲು ವಾಸನೆ ಗ್ಯಾರಂಟಿ ಅಂದ್ಕೊಂಡಿದ್ದೆ, ಒಂದು ದಿನವೂ ಬರ್ಲಿಲ್ಲ. ಆ ಪಾಲಿಯೆಸ್ಟರ್ ಸೇರಿದ್ದಕ್ಕೇ ಇರ್ಬೇಕು. ಕಾಲುಗಳ ಸಂದಿಗೆ ಒಂದು ತುಂಡು ಜಾಸ್ತಿ ಕೊಟ್ಟು ಹೊಲಿದಿದ್ದಾರೆ, ಅಡಕೆ ಹೆಕ್ಲಿಕ್ಕೆ ಕುಕ್ಕರುಗಾಲಲ್ಲಿ ಕೂತ್ರೂ ಎಲ್ಲೂ ಎಳೆಯುದಿಲ್ಲ. ಹೊಲಿಗೆ ಒಂದೂ ಬಿಟ್ಟಿಲ್ಲ.

ಇಲ್ಲಿವರೆಗೆ ಐದಕ್ಕೆ ಐದು. ಎರಡನೇ ಮಳೆಗಾಲದ ಮಧ್ಯ ಜಿಪ್ಪು ಹೋಯ್ತು.

ಹೋಯ್ತು ಅಂದ್ರೆ, ಮೇಲೆ ಎಳೆದ್ರೆ ರನ್ನರ್ ಬರ್ತದೆ, ಹಿಂದಿನಿಂದ ಹಲ್ಲು ಬಿಟ್ಕೊಳ್ತದೆ, ಕೆಲಸದವರ ಎದುರು ಮರ್ಯಾದೆ ಪ್ರಶ್ನೆ. ರನ್ನರಿನ ಅಂಚು ಸವೆದು ಬಿಳಿ ಬಿಳಿ ಪುಡಿ ಕೂತಿತ್ತು. ಫೋಟೋ ತೆಗೆದು ಕಳಿಸಿದೆ. ಉತ್ತರ ಬಂತು: ಕೆಮಿಕಲ್ ತಾಗಿದೆ, ವಾರಂಟಿಯಲ್ಲಿ ಬರುದಿಲ್ಲ. ಅವರ ಜಾಹೀರಾತಲ್ಲಿ ಇದೇ ಪ್ಯಾಂಟ್ ಹಾಕಿದ ಜನ ಬೆನ್ನಿಗೆ ಸ್ಪ್ರೇಯರ್ ಕಟ್ಕೊಂಡು ನಗಾಡ್ತಾ ನಿಂತಿದ್ದಾನೆ, ಅದ್ರೊಳಗೆ ಪನ್ನೀರು ಇತ್ತೋ ಏನೋ!

ಬೋರ್ಡೋ ಹದ ತಪ್ಪಿದ್ರೆ ಲೋಹ ತಿಂತದೆ, ಒಪ್ತೇನೆ, ಅದಕ್ಕೇ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಯಾರೂ ಮಾಡುದಿಲ್ಲ. ಆದ್ರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಕಡೆಗೆ ಉಜ್ಜಿ ಹೊಳೆಯುವ ಕತ್ತಿ ಅದ್ದಿ ನೋಡುದು, ಕತ್ತಿಗೆ ಕೆಂಪು ಹಿಡಿದ್ರೆ ಇನ್ನಷ್ಟು ಸುಣ್ಣ. ಮಹಾಳಿಗೆ ಮದ್ದು ಬಿಡುವ ಎಲ್ಲರೂ ಮಾಡುವ ಪರೀಕ್ಷೆ ಇದು, ನಮ್ಮಲ್ಲಿ ಪ್ರತಿ ಡ್ರಮ್ಮಿಗೂ ಮಾಡ್ತೇವೆ. ಹೋಗ್ಲಿ, ತಪ್ಪು ಮದ್ದಿನದ್ದೇ ಅಂತ ಇಟ್ಕೊಳ್ಳುವ, ರನ್ನರ್ ಒಂದು ಕಳಿಸಿ ದುಡ್ಡು ಕೊಡ್ತೇನೆ ಅಂದೆ. ಸ್ಪೇರ್ ಪಾರ್ಟ್ಸ್ ನಾವು ಮಾರುದಿಲ್ಲ, ಹೊಸ ಪ್ಯಾಂಟಿಗೆ 20 ಪರ್ಸೆಂಟ್ ಕೂಪನ್ ಕೊಡ್ತೇವೆ ಅಂದ್ರು. ನಂಗೆ ಪಿತ್ತ ನೆತ್ತಿಗೇರಿದ್ದು ಇಲ್ಲಿ. ಹತ್ತಿ ಬಿತ್ತಿದಲ್ಲಿಂದ ಹಿಡಿದು ಬಣ್ಣದ ನೀರಿನವರೆಗೆ ಲೆಕ್ಕ ಇಡ್ತೀರಿ, ಐದು ರೂಪಾಯಿಯ ರನ್ನರಿಗೋಸ್ಕರ ಗಟ್ಟಿಮುಟ್ಟಾದ ಪ್ಯಾಂಟ್ ಬಿಸಾಡಿ ಇನ್ನೊಂದು ತೆಗೊಳ್ಳಿ ಅಂತೀರಿ, ಹಾಗಾದ್ರೆ ಆ ಸಸ್ಟೈನೆಬಲ್ ಅಂತ ಬರೆದ ರಟ್ಟಿನ ಟ್ಯಾಗ್ ಎಂತಕ್ಕೆ?

ಪೆರ್ಲದ ಟೈಲರಣ್ಣನ ಹತ್ರ ಕೊಂಡೋದೆ. ಅವ್ರು ಕನ್ನಡಕ ಏರಿಸಿ ಒಳಗೆ ಹೊರಗೆ ತಿರುಗಿಸಿ ನೋಡಿ, "ಹೊಲಿದವ ಒಳ್ಳೆ ಕೆಲಸದವ, ಆದ್ರೆ ಇನ್ನೊಬ್ಬ ಬಿಚ್ಚಬಾರ್ದು ಅಂತಲೇ ಹೊಲಿದಿದ್ದಾನೆ ಮಾರಾಯ್ರೆ" ಅಂದ್ರು. ಜಿಪ್ಪಿನ ಪಟ್ಟಿಯ ಬುಡಕ್ಕೆ ಒತ್ತೊತ್ತಾಗಿ ಟಾಕಾ, ಸಾಲದ್ದಕ್ಕೆ ಅದ್ರ ಮೇಲೆಯೇ ತಾಮ್ರ ಬಣ್ಣದ ರಿವೆಟ್ ಬಡಿದಿದ್ದಾರೆ. ರಿವೆಟ್ ತೆಗೀದೆ ಜಿಪ್ಪು ಬರುದಿಲ್ಲ, ರಿವೆಟ್ ತೆಗೆದ್ರೆ ಬಟ್ಟೆ ಹರೀಬಹುದು. ಆ ಸೈಜಿನ ರನ್ನರ್ ಅವರ ಡಬ್ಬದಲ್ಲಿ ಇರ್ಲಿಲ್ಲ, ಕಾಸರಗೋಡಲ್ಲಿ ಕೇಳಿಸಿದ್ರು, ಅಲ್ಲೂ ಇಲ್ಲ. ಕಡೆಗೆ ಕಟ್ಟಿಂಗ್ ಪ್ಲಯರಲ್ಲಿ ರಿವೆಟಿನ ತಲೆ ಕಚ್ಚಿ ತೆಗೆದು, ಇಡೀ ಜಿಪ್ಪು ಬಿಚ್ಚಿ, ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್ಪು ಹಾಕಿದ್ರು. ರಿವೆಟ್ ಇದ್ದ ತೂತಿಗೆ ಒಳಗಿನಿಂದ ಸಣ್ಣ ತೇಪೆ. ಬರೀ ಎಂಬತ್ತು ರೂಪಾಯಿ ತೆಗೊಂಡ್ರು, ನೂರು ಕೊಟ್ರೆ ಚಿಲ್ಲರೆ ವಾಪಸ್ ಕೊಟ್ರು.

ಈಗ ದಿನಾ ಹಾಕ್ತಾ ಇದ್ದೇನೆ, ಬಟ್ಟೆ ಇನ್ನೂ ಎರಡು ಮೂರು ವರ್ಷಕ್ಕೆ ಮೋಸ ಇಲ್ಲ. ಎರಡೂವರೆ ಸಾವಿರ ಅಸಲಾಗ್ತದಾ ಅಂದ್ರೆ, ನಂಗೆ ಆದೀತು. ಸಂಬಳಕ್ಕೆ ಬಂದು ಮದ್ದು ಬಿಡುವವರಿಗೆ ಈ ರೇಟಲ್ಲಿ ತೆಗೊಳ್ಳಿ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರುದಿಲ್ಲ, ನಿಜವಾಗಿ ಬೇಕಾದ್ದು ಅವರಿಗೇ. ಅದೇ ಕಂಪೆನಿಯ ಶರ್ಟಿಗೆ ಜಿಪ್ಪಿಲ್ಲ, ಬಟನ್ ಮಾತ್ರ, ಅದು ಧೈರ್ಯವಾಗಿ ತೆಗೊಳ್ಳಿ. ಪ್ಯಾಂಟ್ ತೆಗೊಳ್ಳುದಾದ್ರೆ ಮೊದಲು ಜಿಪ್ಪಿನ ಬುಡದಲ್ಲಿ ರಿವೆಟ್ ಉಂಟಾ ನೋಡಿ, ಸ್ಪೇರ್ ಕೊಡ್ತೀರಾ ಅಂತ ಮೆಸೇಜ್ ಹಾಕಿ ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ. ಐದಕ್ಕೆ ಮೂರು ಸ್ಟಾರ್. ಆ 20 ಪರ್ಸೆಂಟ್ ಕೂಪನ್ ನಂಗೆ ಬೇಡ, ಯಾರಿಗಾದ್ರೂ ಬೇಕಿದ್ರೆ ಹೇಳಿ, ತಿಂಗಳ ಕೊನೆವರೆಗೆ ನಡೀತದಂತೆ.