ಜಿಮ್ಯಾಟ್ ಅಫಿಷಿಯಲ್ ಗೈಡ್: ಐದು ತಿಂಗಳು ಒಬ್ಬಳೇ ಕೂತು ಓದಿದ ಮೇಲೆ

ನಾನಿರೋದು ಚಿಕ್ಕಮಗಳೂರಿನಲ್ಲಿ. ಕಾಫಿ ವ್ಯಾಪಾರದ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಎಂಬಿಎ ಸೇರೋಕೆ ಬರೆಯುವ ಜಿಮ್ಯಾಟ್ ಪರೀಕ್ಷೆಗೆ ಅಂತ ರಜೆ ಹಾಕಿ ಬೆಂಗಳೂರಿನಲ್ಲಿ ಕೋಚಿಂಗ್‌ಗೆ ಕೂರೋಕೆ ಆಗಲ್ಲ. ಮೊದಲು ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದೆ. ಜೂನ್ ಮಳೆ ಹಿಡಿಯಿತು, ಕರೆಂಟ್ ಹೋದಾಗಲೆಲ್ಲ ಪಾಠ ಅರ್ಧಕ್ಕೇ ನಿಂತಿತು. ಆಮೇಲೆ ತರಿಸಿದ್ದು ಪರೀಕ್ಷೆ ನಡೆಸುವವರೇ ತರುವ ಈ ಅಭ್ಯಾಸ ಪುಸ್ತಕ. ಚಾರ್ಜಿಂಗ್ ಲೈಟ್ ಇದ್ದರೆ ಸಾಕು, ಓದಬಹುದು.

ಕೊಯ್ಲು ಶುರುವಾದರೆ ನಮಗೆ ಪುರುಸೊತ್ತೇ ಇರಲ್ಲ. ಅದಕ್ಕೇ ಪರೀಕ್ಷೆ ನವೆಂಬರ್ ಮೊದಲ ವಾರ ಅಂತ ಗೊತ್ತು ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ವಾರ ಎಣಿಸಿದೆ. ಈಗಿನ ಪರೀಕ್ಷೆ 2 ಗಂಟೆ 15 ನಿಮಿಷದ್ದು. ಕ್ವಾಂಟ್ (ಗಣಿತ) 21, ವರ್ಬಲ್ (ಇಂಗ್ಲಿಷ್) 23, ಡೇಟಾ ಇನ್‌ಸೈಟ್ಸ್ (ಕೊಟ್ಟ ಮಾಹಿತಿ ನೋಡಿ ಉತ್ತರಿಸೋದು) 20 ಪ್ರಶ್ನೆ; ಒಂದೊಂದಕ್ಕೂ 45 ನಿಮಿಷ. ನಾನೂ ಬೆಳಗ್ಗೆ 5ಕ್ಕೆ ಎದ್ದು 45 ನಿಮಿಷ ಟೈಮರ್ ಇಟ್ಟು ಪ್ರಶ್ನೆ ಮಾಡುತ್ತಿದ್ದೆ. ಮುಂದಿನ 45 ನಿಮಿಷ ಬರೀ ತಪ್ಪು ನೋಡೋದು.

ಆ ಎರಡನೇ ಮುಕ್ಕಾಲು ಗಂಟೆಯಲ್ಲೇ ಪುಸ್ತಕದ ನಿಜವಾದ ಉಪಯೋಗ ಇರೋದು. ಆದರೆ ಉತ್ತರದ ವಿವರಣೆ ಸುಮ್ನೆ ಓದಿದರೆ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ, ಮರುದಿನ ಅದೇ ತಪ್ಪು. ನಾನು ಒಂದು ನೋಟ್‌ಬುಕ್ ಇಟ್ಟೆ. ಒಂದು ಉದಾಹರಣೆ ಹೇಳುತ್ತೇನೆ. ಉತ್ತರ ಸಿಗೋಕೆ ಯಾವ ಹೇಳಿಕೆ ಸಾಕು ಅಂತ ಗುರುತಿಸುವ ಪ್ರಶ್ನೆ ಇದು. ಎಕ್ಸ್ ಎಷ್ಟು? ಹೇಳಿಕೆ ಒಂದು: ಎಕ್ಸ್‌ನ ವರ್ಗ 16. ಹೇಳಿಕೆ ಎರಡು: ಎಕ್ಸ್ ಸೊನ್ನೆಗಿಂತ ಕಡಿಮೆ. ಮೊದಲನೆಯದೇ ಸಾಕು ಅಂತ ಗುರುತು ಹಾಕಿದ್ದೆ. ಮೈನಸ್ 4 ಕೂಡ ಇದೆ ಅಲ್ವಾ, ಎರಡೂ ಸೇರಿದರೇ ಉತ್ತರ. ನೋಟ್‌ಬುಕ್‌ನಲ್ಲಿ ಬರೆದೆ: 'ಲೆಕ್ಕ ಗೊತ್ತಿತ್ತು, ಮೈನಸ್ ನೋಡಲಿಲ್ಲ.' ಆಗಸ್ಟ್ ಹೊತ್ತಿಗೆ ಇದೇ ಸಾಲು ಹನ್ನೊಂದು ಸಲ ಬಂದಿತ್ತು. ನನಗೆ ಬೇಕಿದ್ದದ್ದು ಹೊಸ ಪಾಠ ಅಲ್ಲ ಅಂತ ಆವಾಗ ಗೊತ್ತಾಯಿತು.

ಡೇಟಾ ಇನ್‌ಸೈಟ್ಸ್‌ಗೆ ಮಾತ್ರ ಕಂಪ್ಯೂಟರ್ ಬೇಕೇ ಬೇಕು. ಕಾಲಂ ಆರಿಸಿ ಕ್ರಮ ಬದಲಿಸುವ ಟೇಬಲ್ ಕಾಗದದಲ್ಲಿ ಬರೋಕೆ ಸಾಧ್ಯವಿಲ್ಲ. ಪುಸ್ತಕದ ಜೊತೆ ಸಿಗುವ ಆನ್‌ಲೈನ್ ಪ್ರಶ್ನೆಗಳನ್ನು ಭಾನುವಾರಕ್ಕೆ ಇಟ್ಟುಕೊಂಡೆ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಸಿಗೋದೂ ಈ ಭಾಗದಲ್ಲಿ ಮಾತ್ರ, ಕ್ವಾಂಟ್‌ಗೆ ಕೈಲೆಕ್ಕವೇ.

ಪರೀಕ್ಷೆ ನಡೆಸುವವರ ಎರಡು ಉಚಿತ ಮಾಕ್ ಟೆಸ್ಟ್ ಇವೆ. ದಯವಿಟ್ಟು ಮೊದಲ ವಾರದಲ್ಲೇ ಎರಡನ್ನೂ ಮುಗಿಸಬೇಡಿ. ಒಂದನ್ನು ಶುರುವಿನಲ್ಲಿ ಬರೆದೆ, 535 ಬಂತು. ಇನ್ನೊಂದನ್ನು ಪರೀಕ್ಷೆಗೆ ಹತ್ತು ದಿನ ಇರುವಾಗ ಬರೆದೆ, 645. ಬೆಂಗಳೂರಿನ ಸೆಂಟರ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು.

ಇಂಗ್ಲಿಷ್ ಓದೋದು ನಿಧಾನ ಇದ್ದವರಿಗೆ ಈ ಪುಸ್ತಕ ಒಂದೇ ಸಾಲದು. ದಿನಾ ಒಂದು ಉದ್ದನೆಯ ಲೇಖನವನ್ನೂ ಓದಿ.

ಹಳೇ ಪುಸ್ತಕ ಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಿ. ಸೆಂಟೆನ್ಸ್ ಕರೆಕ್ಷನ್ (ಇಂಗ್ಲಿಷ್ ವಾಕ್ಯದ ತಪ್ಪು ತಿದ್ದೋದು) ಅಧ್ಯಾಯ ಇದ್ದರೆ ಅದು ಹಳೇ ಪರೀಕ್ಷೆಯದ್ದು, 2024ರ ಫೆಬ್ರವರಿಯಿಂದ ಆ ಪ್ರಶ್ನೆಗಳೇ ಇಲ್ಲ. ಇನ್ನೊಂದು, ಆನ್‌ಲೈನ್ ಪ್ರಶ್ನೆ ತೆರೆಯುವ ಕೋಡ್ ಯಾರಾದರೂ ಬಳಸಿದ್ದಾರಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ.